ಹಶಾರ್

ಮೂರನೆಯ ಕೊಂಬೆಯವರೆಗೆ ನನಗೆ ನೆನಪಿದೆ.
ಆಮೇಲೆ ಆಕ್ರೋಟು ಎಲೆಯ ಒಗರು ವಾಸನೆ,
ಯಾರದೋ ಕತ್ತೆ ಬೆಚ್ಚಿ ಅರಚಿದ್ದು,
ನನ್ನ ಕಾಲುಗಳು ನನ್ನ ಪಕ್ಕದಲ್ಲೇ
ಇನ್ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿದ್ದು.

ಓಶ್ ಆಸ್ಪತ್ರೆಯಲ್ಲಿ ಡಾಕ್ಟರ್ ಅಯ್ಜಾಮಾಲ್,
ನನ್ನ ಮಗಳಿಗಿಂತ ನಾಲ್ಕೇ ವರ್ಷ ದೊಡ್ಡವಳು,
ಪರದೆಯ ಮೇಲೆ ಬೆನ್ನುಹುರಿ ತೋರಿಸಿದಳು.
ಬೂದು ದಾರ, ನಡುವೆ ಒಂದು ಊತ.
‘ಬಿದ್ದಾಗ ಹೋದದ್ದು ಇಷ್ಟು’, ಉಗುರಿನ ತುದಿ.
‘ಆಮೇಲೆ ಬಂದವರು ಮಾಡಿದ್ದು ಇಷ್ಟು’, ಹೆಬ್ಬೆಟ್ಟಿನಗಲ.

ಯಾರು ಬಂದವರು?
‘ನಿನ್ನವರೇ. ನಿನ್ನ ರಕ್ತದ ಬಿಳಿ ಕಣಗಳು.
ಆ ಬೀದಿಗೆ ಅವರಿಗೆ ಪ್ರವೇಶವಿರಲಿಲ್ಲ;
ಬಾಗಿಲು ಮುರಿದಿತ್ತು, ನುಗ್ಗಿದರು.’

ಬೇಲಿಯೇ ಹೊಲ ಮೇಯ್ದಿತು ಅನ್ನಬೇಡಿ.
ನನಗೆ ಇವರು ಗೊತ್ತು.

ಬೆಟ್ಟದಿಂದ ಕೆಸರು ಇಳಿದ ವರ್ಷ
ಅವ್ವ ಯಾರನ್ನೂ ಕರೆಯಲಿಲ್ಲ. ಆದರೂ ಹಶಾರ್ ನೆರೆಯಿತು,
ಹೆಗಲ ಮೇಲೆ ಗುದ್ದಲಿ, ಕೂಲಿ ಕೇಳದ ಕೈಗಳು.
ಮಮರಸುಲ್ ಮೊದಲು ಬಂದ. ತುರ್ಸುನಾಯ್‌ಳ ಐವರು ಗಂಡುಮಕ್ಕಳು.
ಮೊಳಕಾಲುದ್ದ ಕೆಸರು ಎತ್ತಿ ಎಸೆದರು.
ಕೆಸರಿನ ಜೊತೆ ನಾನು ಮಲಗಿದ್ದ ತೊಟ್ಟಿಲನ್ನೂ ಎಸೆದರು,
ಈರುಳ್ಳಿ ಮಡಿ ತುಳಿದರು,
ಪ್ರವಾಹ ಉಳಿಸಿದ್ದ ರೊಟ್ಟಿ ಒಲೆಯನ್ನು
ಕತ್ತಲಲ್ಲಿ ಕಲ್ಲೆಂದುಕೊಂಡು ಹಾರೆಯಲ್ಲಿ ಒಡೆದರು.
ಅವ್ವ ಅಳುತ್ತಲೇ ಎಲ್ಲರಿಗೂ ಚಹಾ ಕೊಟ್ಟಳು.

ಕೊನೆಗೆ ಕೊರಕಲಿನ ಬಾಯಿಗೆ ಒಂದು ಗೋಡೆ ಕಟ್ಟಿಹೋದರು.
ಕೆಸರು ಮತ್ತೆ ಬರಲಿಲ್ಲ.
ಕಾಲುವೆಯ ನೀರೂ.

‘ಓಡಿಸಬಾರದೇ?’ ಎಂದು ಕೇಳಿದೆ.
ಓಡಿಸಿ ನೋಡಿದ್ದಾರಂತೆ, ಔಷಧಿ ಸುರಿದು.
ಕಸ ಉಳಿದೇಬಿಟ್ಟಿತು;
ಸತ್ತ ನರದ ಜಿಡ್ಡಿನ ಮೇಲೆ ಹೊಸ ನರ ಕಾಲಿಡುವುದಿಲ್ಲ.
ಹಾರೆ ಹಿಡಿದು ಬಂದವರಲ್ಲೇ ಕೆಲವರು
ದಿನ ಕಳೆದಂತೆ ಹಾರೆ ಕೆಳಗಿಟ್ಟು
ಸಸಿಗೆ ಆನಿಕೆ ಕಟ್ಟುತ್ತಾರಂತೆ.
ಕೆಲವರು ಜಿಡ್ಡು ತಿಂದು ತಿಂದು ಉಬ್ಬಿ
ಅಲ್ಲೇ ಕೂರುತ್ತಾರೆ, ಏಳಲಾರರು.
ಮದುವೆಮನೆಯಲ್ಲಿ ಪಲೋವ್ ಮುಗಿಸಿ
ಗೋಡೆಗೊರಗಿದ ಮಮರಸುಲ್. ನಗು ಬಂತು.
ನಕ್ಕರೆ ಎದೆಯವರೆಗೆ ಮಾತ್ರ ಅಲುಗಿತು.

ಮೂರನೆಯ ವಾರ ಜ್ವರ. ಎಡ ಶ್ವಾಸಕೋಶದಲ್ಲಿ ಕಫ.
ಇಷ್ಟೊಂದು ಜನ ಇದ್ದೂ ಕಾಯುವವರಿಲ್ಲವೇ?
‘ಪಕ್ಕೆಯಡಿಯ ಗುಲ್ಮಕ್ಕೆ ಸುದ್ದಿ ಹೋಗುವ ದಾರಿಯೂ
ಇದೇ ಹುರಿಯಲ್ಲಿತ್ತು’ ಅಂದಳು ಡಾಕ್ಟರ್.
ಆ ಠಾಣೆಯಲ್ಲಿ ಈಗ ಅಪ್ಪಣೆ ತಪ್ಪುತಪ್ಪಾಗಿ ಕೇಳಿಸುತ್ತದೆ.
ಊರೆಲ್ಲ ಒಂದೇ ಮನೆಯ ಅಂಗಳದಲ್ಲಿ,
ಊರಬಾಗಿಲಲ್ಲಿ ಯಾರೂ ಇಲ್ಲ.

ಒಂಬತ್ತು ರಾತ್ರಿ ಸಲೋಮತ್
ನನ್ನ ಹೊಟ್ಟೆಯ ಮೇಲೆ ಎರಡೂ ಅಂಗೈ ಊರಿ,
‘ಕೆಮ್ಮು, ಈಗ’ ಎಂದು ಒತ್ತುತ್ತಿದ್ದಳು.
ಆಕ್ರೋಟು ಸಿಪ್ಪೆಯ ಕಪ್ಪು ಹೋಗದ ಅಂಗೈ.
ನನ್ನ ಕೆಮ್ಮಿನ ಅರ್ಧ ಅವಳದು.

ಈಗ ಮಾಘದ ಚಳಿ. ಊತ ಇಳಿದಿದೆಯಂತೆ, ಗೋಡೆ ನಿಂತಿದೆಯಂತೆ.
ಎಡ ಸೊಂಟದ ಹತ್ತಿರ, ನಾಣ್ಯದಷ್ಟು ಜಾಗದಲ್ಲಿ,
ತಣ್ಣಗಿನದು ತಣ್ಣಗೆ ಅನಿಸುತ್ತದೆ.
ಡಾಕ್ಟರ್ ಅದನ್ನು ಬರೆದುಕೊಂಡಳು, ಏನೂ ಹೇಳಲಿಲ್ಲ.
‘ಉಳಿದವರಿಗೆ ಹೊರಡಿ ಎನ್ನುವುದು ಹೇಗೆ?’
‘ಅದನ್ನೇ ಹುಡುಕುತ್ತಿದ್ದಾರೆ’ ಎಂದಳು,
ನನ್ನ ಕಣ್ಣು ತಪ್ಪಿಸದೆ.

ಅವ್ವನಿಗೆ ಗೊತ್ತಿತ್ತು.
ನಮ್ಮಲ್ಲಿ ಬಟ್ಟಲಿಗೆ ಚಹಾ ಅರ್ಧವೇ ಹಾಕುತ್ತಾರೆ,
ಇರು, ಮತ್ತೆ ಕೇಳು ಎಂದರ್ಥ.
ಅಂದು ಸಂಜೆ ಅವಳು ಅಂಚಿನವರೆಗೆ ತುಂಬಿಸಿದಳು.
ಒಬ್ಬೊಬ್ಬರೇ ಕುಡಿದು, ಗುದ್ದಲಿ ತೊಳೆದು, ಹೊರಟರು.
ಯಾರಿಗೂ ಬೇಸರವಾಗಲಿಲ್ಲ.

ಬೆನ್ನೊಳಗಿನ ಆ ಕತ್ತಲ ಅಂಗಳದಲ್ಲಿ
ಬಟ್ಟಲು ತುಂಬಿಸುವವರು ಯಾರೋ.

ಸಲೋಮತ್ ಕೆಟಲಿ ಬಗ್ಗಿಸುತ್ತಾಳೆ.
ನನಗೆ ಅರ್ಧ.
ಪ್ರತಿ ಸಲವೂ ಅರ್ಧ.